ಎರಡು ಕೈಯ ಮಗ್ಗ

ನಾರಾಯಣಪೇಟೆಯ ಆ ಓಣಿಯ ಮಗ್ಗಗಳೆಲ್ಲ ಒಂಟಿ ಕೈಯವು. ಒಬ್ಬರು ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸಾಕು, ಸೀರೆ ತಾನಾಗಿ ಬೆಳೆಯುತ್ತ ಹೋಗುತ್ತದೆ. ಮಲ್ಲೇಶ್ವರಿಯ ಮನೆಯದು ಮಾತ್ರ ಎರಡು ಕೈಯ ಮಗ್ಗ. ಅವಳು ಗದ್ವಾಲಿನ ಮಗಳು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆ ಎಳೆಯಾಗಿ ಕೂಡಿಸುವ ಕೆಲಸವನ್ನು ತವರಿನಲ್ಲಿ ಕಲಿತು ಬಂದಿದ್ದಳು. ಆ ಕೆಲಸಕ್ಕೆ ಇಬ್ಬರು ಪಕ್ಕಪಕ್ಕ ಕೂರಬೇಕು. ಬಲಗಡೆ ಕೂತವರು ಲಾಳಿ ಎಸೆಯುತ್ತಾರೆ. ಎಡಗಡೆ ಕೂತವರು ಅದನ್ನು ಹಿಡಿದು, ಅಂಚಿನ ಎಳೆಗೆ ಕೊಂಡಿ ಹಾಕಿ, ತಿರುಗಿ ಎಸೆಯುತ್ತಾರೆ.

ಉದ್ದ ನೂಲಿನ ಒಂದು ಹಾಸನ್ನು ಮಗ್ಗಕ್ಕೆ ಏರಿಸಿದರೆ ಎಂಟು ಸೀರೆ. ಎಂಟೂ ಇಳಿಯುವ ತನಕ ಕೂತ ಇಬ್ಬರು ಬದಲಾಗುವಂತಿಲ್ಲ. ಒಬ್ಬೊಬ್ಬರ ಕೈಯ ಬಿಗಿ ಒಂದೊಂದು ಥರ. ನಡುವೆ ಕೈ ಬದಲಾಯಿತೋ, ಅಂಚು ಅಲ್ಲಿಂದಲೇ ಸುಕ್ಕಲು ಶುರುವಾಗುತ್ತದೆ. ಎಷ್ಟು ತಿದ್ದಿದರೂ ಗೊತ್ತಾಗಿಬಿಡುತ್ತದೆ.

ಎಡಗಡೆ ಮೊದಲು ಕೂರುತ್ತಿದ್ದವನು ಅವಳ ಗಂಡ ಸಾಯಿಪ್ರಸಾದ್. ಮಗ್ಗವೊಂದರಿಂದ ಮನೆ ನಡೆಯದಾಗಿ ಅವನು ಸೋಲಾಪುರದ ಟವೆಲ್ ಕಾರ್ಖಾನೆಗೆ ಹೋದ. ಹೋದದ್ದು ಹಾಸಿನ ನಡುವೆ. ಅಂಚು ಸುಕ್ಕಿದರೂ ಸರಿ, ಉಳಿದ ಸೀರೆಗಳಿಗೆ ಯಾರನ್ನಾದರೂ ಕೂರಿಸಲೇಬೇಕಿತ್ತು. ಮಗಳು ನವನೀತಾ ಆಗ ತಾನೇ ಹತ್ತನೆಯದು ಮುಗಿಸಿ ಇಂಟರ್ ಮೊದಲ ವರ್ಷಕ್ಕೆ ಸೇರಿದ್ದಳು. "ಈ ಒಂದ ಹಾಸು ಇಳಿಲಿ ಪಾಪಾ, ಆಮ್ಯಾಲ ಕಾಲೇಜಿಗೆ ಹೋಗಾಕಂತಿ" ಎಂದು ಮಲ್ಲೇಶ್ವರಿ ಅವಳನ್ನು ಗುಂಡಿಗೆ ಇಳಿಸಿದಳು. ಆ ಹಾಸು ಇಳಿಯುವಷ್ಟರಲ್ಲಿ ನೂಲು ಕೊಟ್ಟು ಸೀರೆ ನೇಯಿಸುವ ಸಾವುಕಾರ ನರಸಯ್ಯ ಇನ್ನೊಂದನ್ನು ತಂದ. ಅದರ ನಂತರ ಮದುವೆ ಕಾಲದ್ದು ಬಂತು. ಹಾಜರಿ ಸಾಲದೆ ಕಾಲೇಜಿನವರು ಹೆಸರು ತೆಗೆದರು. ಹುಡುಗಿ ಅಳಲಿಲ್ಲ. ಅವತ್ತು ಲಾಳಿಯನ್ನು ಮಾತ್ರ ಸ್ವಲ್ಪ ಜೋರಾಗಿ ಎಸೆದಳು.

ಓಪನ್ ಇಂಟರ್ ಎಂಬುದೊಂದಿದೆ, ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಬಹುದು ಎಂದು ಹೇಳಿದವಳು ರೇಷ್ಮಾ. ನವನೀತಾಳ ಜೊತೆ ಹತ್ತನೆಯದು ಓದಿದವಳು. ತನ್ನ ಪುಸ್ತಕಗಳನ್ನೆಲ್ಲ ತಂದುಕೊಟ್ಟಳು. ಕೊಡುವ ಮೊದಲು ತಾನು ಹಾಕಿದ್ದ ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಉಜ್ಜಿ ಅಳಿಸಿದ್ದಳು. ಹರಿದ ರಟ್ಟುಗಳಿಗೆ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದಳು. "ನಿಂದ, ಹೊಸದು ಅನ್ಕೊಂಡು ಓದು" ಎಂದಳು.

ಪಾಸಾದರೆ ಮುಂದಿನ ದಾರಿ ಮಲ್ಲೇಶ್ವರಿಯ ಮನಸ್ಸಿನಲ್ಲಿ ಆಗಲೇ ತಯಾರಾಗಿತ್ತು. ಗದ್ವಾಲಿನ ಸರ್ಕಾರಿ ಕಾಲೇಜಿನಲ್ಲಿ ಡಿಗ್ರಿ. ಇರಲು ತನ್ನ ತಮ್ಮ ಚಿನ್ನಯ್ಯನ ಮನೆ. ಮಾಳಿಗೆಯ ಮೇಲಿನ ಖೋಲಿಯಲ್ಲಿ ಈರುಳ್ಳಿ ಹರಡುತ್ತಿದ್ದರು. ಆ ಈರುಳ್ಳಿಯನ್ನು ಕೆಳಗೆ ಇಳಿಸಿ ಹುಡುಗಿಗೆ ಜಾಗ ಮಾಡುತ್ತೇನೆಂದು ಚಿನ್ನಯ್ಯ ಫೋನಿನಲ್ಲಿ ಹೇಳಿದ್ದ. ಹಾಸ್ಟೆಲ್ ಇಲ್ಲ, ಊಟದ ಖರ್ಚಿಲ್ಲ, ಪುಸ್ತಕಕ್ಕೆ ರೇಷ್ಮಾ ಇದ್ದಾಳೆ. ಇದಕ್ಕಿಂತ ಸಸ್ತಾ ದಾರಿ ಇರಲಿಲ್ಲ. ಪಾಸಾಗುವುದೊಂದು ಬಾಕಿ.

ಓದುವುದು ಯಾವಾಗ? ಬೆಳಕಿರುವಷ್ಟು ಹೊತ್ತು ಮಗ್ಗದಲ್ಲಿ. ಬೆಳಕು ಹೋದ ಮೇಲೆ ಹುಡುಗಿಯ ಕಣ್ಣೇ ತೆರೆಯುತ್ತಿರಲಿಲ್ಲ. ಆಗ ಮಲ್ಲೇಶ್ವರಿಗೆ ಒಂದು ಉಪಾಯ ಹೊಳೆಯಿತು. ಅವಳು ತಾನೂ ಹತ್ತನೆಯ ತರಗತಿ ತನಕ ಓದಿದವಳು, ತೆಲುಗಿನ ಆ ಪುಸ್ತಕಗಳನ್ನು ನೀರು ಕುಡಿದಂತೆ ಓದುತ್ತಿದ್ದಳು. ತೆರೆದ ಪುಸ್ತಕವನ್ನು ಬಲಗಡೆ ಗುಂಡಿಯ ದಂಡೆಯ ಮೇಲೆ ಇಟ್ಟು, ಹಾಳೆ ಮಗುಚದಂತೆ ಕಲ್ಲು ಹೇರಿದಳು. ಲಾಳಿ ಎಸೆಯುತ್ತ ವಾಕ್ಯದ ಮೊದಲ ಅರ್ಧ ಹೇಳಿದಳು. ಲಾಳಿ ಹಿಡಿಯುತ್ತ ಮಗಳು ಅದನ್ನು ಮುಗಿಸಬೇಕು.

"ಸರ್ಕಾರದ ಕಂದಾಯ ವಸೂಲಿ ಮಾಡೂದು..."

"...ಗುತ್ತಿಗೆದಾರರ ಕೈಯಿಂದ ತಪ್ಪಿತು."

"ಹಳ್ಳಿ ಹಳ್ಳಿಗೂ ಅಧಿಕಾರಿಗಳು ಹೋಗಿ..."

"...ಭೂಮಿ ಅಳತಿ ಮಾಡಿಸಿದರು."

ಮೊದಮೊದಲು ತಡವರಿಸಿದ ಹುಡುಗಿ ಚಳಿಗಾಲ ಮುಗಿಯುವಷ್ಟರಲ್ಲಿ ಲಾಳಿ ತಲುಪುವ ಮೊದಲೇ ವಾಕ್ಯ ತಲುಪಿಸುತ್ತಿದ್ದಳು. ಇತಿಹಾಸ, ಅರ್ಥಶಾಸ್ತ್ರ, ಪೌರನೀತಿ ಎಲ್ಲ ಹಾಗೆಯೇ ಸೀರೆಗಳ ಜೊತೆ ಇಳಿದವು.

ಬಾಗಿಲ ಬಳಿ ಕೂತು ಉಂಡೆಗೆ ನೂಲು ಸುತ್ತುತ್ತಿದ್ದ ಅತ್ತೆ ಕಿಷ್ಟಮ್ಮನಿಗೆ ಇದೊಂದು ತಮಾಷೆ. "ಏನವಾ ಇದು, ಅವ್ವ ಮಗಳು ಕೂಡಿ ಭಜನಿ ಮಾಡಾಕತ್ತೀರಿ? ತಾಳ ಒಂದು ಕಮ್ಮಿ ಐತಿ."

"ನೀವ ಬಾರಸ್ರಿ ಅತ್ತಿ."

"ನನ್ನ ಹಲ್ಲ ಬಾರಸ್ತಾವ ಬಿಡು, ಎಲ್ಲಾ ಸಡ್ಲಾಗ್ಯಾವು" ಎನ್ನುತ್ತಿದ್ದಳು ಮುದುಕಿ. ಆದರೆ ಪಾಠ ನಡೆಯುವಾಗ ಓಣಿಯ ಮಕ್ಕಳು ಕೂಗಾಡಿದರೆ ಅವಳೇ ಎದ್ದು ಹೋಗಿ, "ಪರೀಕ್ಷಾದ ಓದು ನಡದೈತಿ ಒಳಗ, ಆ ಕಡಿ ಸಾಯ್ರಿ" ಎಂದು ಗದರಿಸಿ ಬರುತ್ತಿದ್ದಳು.

ಮಲ್ಲೇಶ್ವರಿಗೆ ಆ ದಿನಗಳಲ್ಲಿ ಗುಂಡಿಯ ತಂಪು ಹಿತವಾಗಿತ್ತು. ಓದು ನಿಲ್ಲಿಸಿದ ಮೇಲೆ ಮೊದಲ ಸಲ ತಾನೂ ಓದುತ್ತಿದ್ದೇನೆ ಅನ್ನಿಸಿತ್ತು. ಮಗಳನ್ನು ಮಗ್ಗಕ್ಕೆ ಕಟ್ಟಿಹಾಕಿದೆ ಎಂಬ ಅಳುಕೂ ಸ್ವಲ್ಪ ತಗ್ಗಿತ್ತು.

ಪರೀಕ್ಷೆಯ ಕೇಂದ್ರ ಮಕ್ತಲ್‌ನಲ್ಲಿ ಬಿತ್ತು. ಹಾಸು ಅಷ್ಟರೊಳಗೆ ಇಳಿಯಬೇಕಿತ್ತು. ರೇಷ್ಮೆ ಬರುವುದು ತಡವಾಗಿ, ಕೊನೆಯ ಸೀರೆ ಅರ್ಧಕ್ಕೆ ಮಗ್ಗದ ಮೇಲೆಯೇ ಉಳಿದಿತ್ತು. ಪರೀಕ್ಷೆಯ ದಿನಗಳಲ್ಲಿ ಮಗ್ಗ ನಿಲ್ಲಿಸಿ, ನಡುವಿನ ದಿನಗಳಲ್ಲಿ ಕೂತು ಮುಗಿಸುವುದೆಂದು ಅವ್ವ ಮಗಳು ಮಾತಾಡಿಕೊಂಡರು.

ಮೊದಲನೆಯದು ಇತಿಹಾಸ. ಬಿಸಿಲು ಏರುವ ಮೊದಲೇ ಇಬ್ಬರೂ ಬಸ್ಸು ಹತ್ತಿದರು. ಕೇಂದ್ರದ ಗೋಡೆಗೆ ತಾಗಿ ಚಹಾ ಮಾರುತ್ತಿದ್ದ ತುಳಸಮ್ಮ ಎಂಬುವಳು ಮಲ್ಲೇಶ್ವರಿಯನ್ನು ಕಂಡವಳೇ ತನ್ನ ಗೋಣಿಚೀಲವನ್ನು ನೆರಳಿಗೆ ಎಳೆದು, "ಕೂಡ್ರಿ ಅಕ್ಕ, ಚಾ ಕುಡಿದ್ರನ ಕೂಡಬೇಕು ಅಂತೇನಿಲ್ಲ" ಎಂದಳು.

ಗಂಟೆ ಬಾರಿಸಿತು. ಒಳಗೆ ಮಗಳು ಬರೆಯತೊಡಗಿರುತ್ತಾಳೆ ಎಂದು ನೆನೆದು ಮಲ್ಲೇಶ್ವರಿ ಗೋಡೆಯತ್ತ ಮುಖ ಮಾಡಿ ಕೂತಳು. ತುಟಿಗಳು ತಾವಾಗಿ ಅಲುಗಿದವು. ಮೊದಲ ಪಾಠದಿಂದ ಹಿಡಿದು ಒಂದೊಂದೇ ವಾಕ್ಯದ ಮೊದಲ ಅರ್ಧವನ್ನು ಹೇಳುತ್ತ ಹೋದಳು, ಪ್ರತಿಯೊಂದರ ನಂತರ ಮಗಳಿಗೆಂದು ಒಂದಿಷ್ಟು ತಡೆದು.

"ಏನಕ್ಕ, ಜಪ ಮಾಡಾಕತ್ತೀರೇನು?" ತುಳಸಮ್ಮ ನಕ್ಕಳು.

"ಹ್ಞೂಂ ನೋಡ್ರಿ. ನನ್ನ ಮಗಳು ಒಳಗ ಅದಾಳ."

"ಹಂಗಾರ ಜರಾ ಜೋರಾಗಿ ಮಾಡ್ರಿ, ಗ್ವಾಡಿ ದಪ್ಪ ಐತಿ."

ಹೊರಗೆ ಬಂದ ನವನೀತಾಳ ಮುಖ ನೋಡಿ ಮಲ್ಲೇಶ್ವರಿ ಅವಳನ್ನು ನೇರ ಬಸ್ಸಿಗೆ ಕರೆದೊಯ್ದಳು. ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ, ಊರು ದಾಟಿದ ಮೇಲೆ, ಮೆಲ್ಲಗೆ ಕೇಳಿದಳು.

"ಏನ ಬಂದಿತ್ತು?"

"ಕಂದಾಯ ಸುಧಾರಣಿ. ದೊಡ್ಡ ಪ್ರಶ್ನಿ."

"ಅಯ್ಯ, ಅದು ನಮಗ ಬಾಯಿಪಾಠ ಐತೆಲ್ಲ!"

ಹುಡುಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು. "ಸಣ್ಣ ಸಣ್ಣ ಪ್ರಶ್ನಿ ಬರದೀನಿ. ದೊಡ್ಡವು ಆಗ್ಲಿಲ್ಲ."

"ಹೆಂಗ ಆಗ್ಲಿಲ್ಲ? ಹಳ್ಳಿ ಹಳ್ಳಿಗೂ ಅಧಿಕಾರಿಗಳು ಹೋಗಿ..."

"...ಭೂಮಿ ಅಳತಿ ಮಾಡಿಸಿದರು."

"ಸರ್ಕಾರದ ಕಂದಾಯ ವಸೂಲಿ ಮಾಡೂದು..."

"...ಗುತ್ತಿಗೆದಾರರ ಕೈಯಿಂದ ತಪ್ಪಿತು."

"ಎಲ್ಲಾ ಬರ್ತೈತೆಲ್ಲ ಪಾಪಾ! ಮತ್ತ ಯಾಕ ಬರಿಲಿಲ್ಲ?"

ನವನೀತಾ ತಿರುಗಿದಳು. ಅವಳ ಕಣ್ಣಲ್ಲಿ ನೀರು ನಿಂತಿತ್ತು, ಸಿಟ್ಟೂ ಇತ್ತು. "ಯಾಕಂದ್ರ ನೀ ಇರಲಿಲ್ಲ. ಶುರು ಮಾಡೂದು ನನಗ ಬರಾಂಗಿಲ್ಲವ್ವ. ಮುಗಸೂದು ಅಷ್ಟ ಬರ್ತೈತಿ. ಒಂದು ವಾಕ್ಯ ಬರದು ಕೂತ್ರ ಮುಂದಿಂದು ಯಾರಾರ ಎಸೀತಾರೇನೋ ಅಂತ ಕಾಯಾಕತ್ತಿದ್ದೆ. ಯಾರ ಎಸೀತಾರ ಅಲ್ಲಿ?"

ಮಲ್ಲೇಶ್ವರಿ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡಳು. ಒಂದು ಚಳಿಗಾಲವಿಡೀ ಇಬ್ಬರೂ ಕೂಡಿ ಒಬ್ಬ ವಿದ್ಯಾರ್ಥಿಯನ್ನು ನೇಯ್ದಿದ್ದರು. ಆ ವಿದ್ಯಾರ್ಥಿಯ ಅರ್ಧ ಒಳಗೆ ಪೆನ್ನು ಹಿಡಿದು ಕೂತಿತ್ತು, ಇನ್ನರ್ಧ ಹೊರಗೆ ಗೋಣಿಚೀಲದ ಮೇಲೆ ಗೋಡೆಗೆ ಪಾಠ ಒಪ್ಪಿಸುತ್ತಿತ್ತು. ಅಷ್ಟೂ ಹೊತ್ತು ತಾನು ಖುಷಿಯಲ್ಲಿದ್ದದ್ದು ಅವಳಿಗೆ ನೆನಪಾಯಿತು.

ಟಿಕೆಟ್ ಕೇಳಲು ಬಂದ ಕಂಡಕ್ಟರ್ ಇಬ್ಬರ ಮುಖವನ್ನೂ ನೋಡಿದ. ಮುಂದಿನ ಸಾಲಿಗೆ ಹೋಗಿ, ಎಲ್ಲರದೂ ಮುಗಿಸಿಕೊಂಡು ಕೊನೆಗೆ ಇವರ ಬಳಿ ಬಂದ.

ಮನೆಗೆ ಬಂದವಳೇ ಮಲ್ಲೇಶ್ವರಿ ಪುಸ್ತಕಗಳನ್ನು ಗುಂಡಿಯ ದಂಡೆಯಿಂದ ಎತ್ತಿ ಒಳಗಿನ ಖೋಲಿಯಲ್ಲಿಟ್ಟಳು. "ಇವತ್ತಿಂದ ನೀ ಇಲ್ಲೆ ಕೂಡಬೇಕು. ಒಬ್ಬಾಕಿನ. ಓದಿ, ಮುಚ್ಚಿಟ್ಟು, ಮೊದಲಿಂದ ನೀನ ಹೇಳ್ಕೊಬೇಕು."

"ಮತ್ತ ಮಗ್ಗ?"

"ಮಗ್ಗದ ಮಾತು ನಿನಗ ಬ್ಯಾಡ."

ಆದರೆ ಮಗ್ಗದ ಮಾತು ಬಿಡುವಂತಿರಲಿಲ್ಲ. ನರಸಯ್ಯನ ಗಿರಾಕಿಗಳ ಮನೆಯ ಮದುವೆ ಹತ್ತಿರ ಬಂದಿತ್ತು. ಹಾಸಿನ ಮೇಲೆ ಅರ್ಧ ಸೀರೆ ತೆರೆದುಕೊಂಡು ಬಿದ್ದಿತ್ತು. ಮಲ್ಲೇಶ್ವರಿ ಗುಂಡಿಯ ಮುಂದೆ ನಿಂತು, ಬಲಗಡೆ ನೋಡಿದಳು, ಎಡಗಡೆ ನೋಡಿದಳು. ಬಿಟ್ಟು ಹೋಗುವಂತಿಲ್ಲ, ಕೂತರೂ ಮುಂದೆ ಹೋಗುವಂತಿಲ್ಲ.

ಕಿಷ್ಟಮ್ಮ ಉಂಡೆ ಕೆಳಗಿಟ್ಟು, ಗೋಡೆ ಹಿಡಿದು ಎದ್ದಳು. "ಸರಿ ಅತ್ತಾಗ. ನಾ ಇಳೀತೀನಿ."

"ಅತ್ತಿ, ನಿಮ್ಮ ಮೊಣಕಾಲು..."

"ಮೊಣಕಾಲಿನ್ಯಾಗ ನೇಯ್ತಾರೇನು? ನೀ ಎಸಿ ಸುಮ್ಮನ. ನಿನ್ನ ಗಂಡಗ ಈ ಕೆಲಸ ನೀ ಕಲಿಸುವಾಗ ನಾ ನೋಡ್ಲಿಲ್ಲ ಅನ್ಕೊಂಡಿಯೇನು? ಬಾಗಲದಾಗ ಕೂತು ಎಲ್ಲಾ ಕಲ್ತೀನಿ."

"ಅಂಚು ಸುಕ್ಕತೈತ್ರಿ."

"ನನ್ನ ಮಾರಿನ ಸುಕ್ಕೈತಿ. ಅದ್ರ ಮುಂದ ಕೂತ ಅಂಚೂ ಸುಕ್ಕಲಿ ಬಿಡು."

ಮುದುಕಿಯನ್ನು ಕೈಹಿಡಿದು ಗುಂಡಿಗೆ ಇಳಿಸುವುದೇ ಒಂದು ಕೆಲಸವಾಯಿತು. ಲಾಳಿ ಎಸೆದರೆ ಒಂದು ಸಲ ಹಿಡಿಯುವಳು, ಒಂದು ಸಲ ತಪ್ಪಿಸಿ ಬೈಯುವಳು. ಕೊಂಡಿ ಸಡಿಲಾಗುತ್ತಿತ್ತು. ಮಲ್ಲೇಶ್ವರಿಗೆ ನೋಡನೋಡುತ್ತ ಅಂಚು ಎಡಕ್ಕೆ ಅಲೆಯಲೆಯಾಗಿ ಏಳುವುದು ಕಾಣುತ್ತಿತ್ತು. ಅವಳು ಲಾಳಿ ಎಸೆಯುತ್ತಲೇ ಹೋದಳು.

ಒಳಗಿನ ಖೋಲಿಯಿಂದ ಎರಡನೆಯ ದಿನ ನವನೀತಾ ಪುಸ್ತಕ ಹಿಡಿದು ಹೊರಗೆ ಬಂದು ನಿಂತಳು. ಹಣೆಯ ಕೂದಲು ಬೆವರಿಗೆ ಅಂಟಿತ್ತು.

"ಅವ್ವ, ಒಂದ ಸಲ. ಬರೇ ಶುರು ಮಾಡು. ಎಲ್ಡ ಶಬ್ದ ಹೇಳು ಸಾಕು, ನಾ ಮುಂದ ಹೋಗ್ತೀನಿ."

ಆ ಎರಡು ಶಬ್ದಗಳು ಮಲ್ಲೇಶ್ವರಿಯ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅವಳು ಕಡಿದ ನೂಲಿನ ಎಳೆಯೊಂದನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಲಾಳಿಯನ್ನು ಅತ್ತೆಯ ಕಡೆಗೆ ಎಸೆದಳು.

"ಇಷ್ಟು ದಿನ ನೀನ ಹಿಂಗ ಕಲಿಸಿ, ಈಗ ಕೈ ಬಿಟ್ರ ನಾ ಎಲ್ಲಿಗೆ ಹೋಗ್ಲಿ?" ಎಂದಳು ನವನೀತಾ.

"ಒಳಗ ಹೋಗು" ಎಂದಳು ಕಿಷ್ಟಮ್ಮ, ತಲೆ ಎತ್ತದೆ. "ನಿಮ್ಮವ್ವನ ಬಾಯಾಗ ಎಳಿ ಐತಿ, ಕಾಣ್ಸಲ್ಲೇನು?"

ಬಾಗಿಲು ಹಾಕಿದ ಸದ್ದಾಯಿತು. ಮಲ್ಲೇಶ್ವರಿ ಅಂದು ಸಂಜೆಯ ತನಕ ಬಾಯಿಂದ ಆ ಎಳೆ ತೆಗೆಯಲಿಲ್ಲ.

ಉಳಿದ ಪರೀಕ್ಷೆಗಳಿಗೂ ಇಬ್ಬರೂ ಮಕ್ತಲ್‌ಗೆ ಹೋದರು. ತುಳಸಮ್ಮ ಮೊದಲೇ ಗೋಣಿಚೀಲ ಹಾಸಿಟ್ಟಿರುತ್ತಿದ್ದಳು. ಈ ಸಲ ಮಲ್ಲೇಶ್ವರಿ ಗೋಡೆಗೆ ಬೆನ್ನು ಮಾಡಿ ಕೂತಳು. ತುಟಿ ಅಲುಗದಿರಲೆಂದು ತುಳಸಮ್ಮನ ಶುಂಠಿ ಜಜ್ಜಿಕೊಟ್ಟಳು, ಲೋಟ ತೊಳೆದುಕೊಟ್ಟಳು. "ಜಪ ಬಿಟ್ರ್ಯಾ ಅಕ್ಕ?" ಎಂದು ಕೇಳಿದವಳು ಇವಳ ಮುಖ ನೋಡಿ, ಮಾತು ಬದಲಿಸಿ, ಹಾಲಿನ ರೇಟಿನ ವಿಷಯ ತೆಗೆದಳು. ಹೊರಗೆ ಬಂದಾಗಲೆಲ್ಲ ನವನೀತಾ ಒಂದೇ ಮಾತು ಹೇಳುತ್ತಿದ್ದಳು. "ಬರದೆ." ಚೆನ್ನಾಗಿ ಬರೆದಳೋ ಇಲ್ಲವೋ, ಹೇಳುತ್ತಿರಲಿಲ್ಲ. ಬಸ್ಸಿನಲ್ಲಿ ಇಬ್ಬರ ನಡುವೆ ನೀರಿನ ಬಾಟಲಿ ಒಂದು ಕೂತಿರುತ್ತಿತ್ತು.

ಸೀರೆ ತೆಗೆದುಕೊಂಡು ಹೋಗಲು ನರಸಯ್ಯ ಬಂದ. ಚಾಪೆಯ ಮೇಲೆ ಬಿಚ್ಚಿ, ಅಂಚಿನ ಉದ್ದಕ್ಕೂ ಬೆರಳು ಎಳೆಯುತ್ತ ಹೋಗಿ ಒಂದು ಕಡೆ ನಿಲ್ಲಿಸಿದ.

"ಇಲ್ಲಿಂದ ಕೈ ಬದಲಾಗೈತಿ."

ಕಿಷ್ಟಮ್ಮ, "ನಂದೈತಿ ನೋಡಪ ಆ ಕೈ. ಏನ, ಕಡಿಸ್ತೀಯೇನು?" ಎಂದಳು.

ನರಸಯ್ಯ ಮುದುಕಿಯನ್ನು ನೋಡಿದ, ಒಳಗಿನ ಖೋಲಿಯ ಮುಚ್ಚಿದ ಬಾಗಿಲನ್ನು ನೋಡಿದ. ಸೀರೆಯನ್ನು ಮತ್ತೆ ಮಡಿಚಿದ, ಸುಕ್ಕಿದ ಭಾಗ ಒಳಮಡಿಕೆಗೆ ಹೋಗುವ ಹಾಗೆ. "ನಮ್ಮ ಮನ್ಯಾಗ ಪ್ರಶಾಂತಿ ಒಂದು ಸೀರಿ ಕೇಳಾಕತ್ತಾಳ. ಆಕಿಗೆ ಇರ್ಲಿ ಇದು. ಗಿರಾಕಿಗೆ ಬ್ಯಾರೇದು ನೋಡ್ತೀನಿ." ಪ್ರಶಾಂತಿ ಅವನ ಹೆಂಡತಿ. ಸೀರೆ ನೇಯಿಸುವವನ ಹೆಂಡತಿ ಸೀರೆ ಕೇಳುವಳೆಂದರೆ ಯಾರು ನಂಬುತ್ತಾರೆ? ಆದರೂ ಎಲ್ಲರೂ ನಂಬಿದ ಹಾಗೆ ಮಾಡಿದರು.

ಫಲಿತಾಂಶವನ್ನು ರೇಷ್ಮಾ ತನ್ನ ಫೋನಿನಲ್ಲಿ ನೋಡಿ, ಅದನ್ನು ತೋರಿಸಲು ತಾನೇ ಓಡಿಬಂದಳು. ಉಳಿದ ವಿಷಯಗಳೆಲ್ಲ ಪಾಸು. ಇತಿಹಾಸ ಹೋಗಿತ್ತು. ಅದನ್ನು ಮತ್ತೆ ಬರೆಯುವುದು ಅಕ್ಟೋಬರಿನಲ್ಲಿ. ಗದ್ವಾಲಿನ ಕಾಲೇಜಿನಲ್ಲಿ ಈ ವರ್ಷದ ಸೇರಿಕೆ ಅಷ್ಟರೊಳಗೆ ಮುಗಿದುಹೋಗುತ್ತದೆ.

ಚಿನ್ನಯ್ಯ ಫೋನಿನಲ್ಲಿ, "ಖೋಲಿ ಎಲ್ಲಿಗೂ ಓಡಿಹೋಗಂಗಿಲ್ಲಕ್ಕ. ಈರುಳ್ಳಿ ಇನ್ನೊಂದು ವರ್ಷ ಡಿಗ್ರಿ ಓದ್ತಾವು ಬಿಡು" ಎಂದ. ನವನೀತಾ ಫೋನು ತೆಗೆದುಕೊಂಡು ಮಾವನ ಮಾತಿಗೆ ನಗಲು ನೋಡಿದಳು. ನಗು ಬರಲಿಲ್ಲ.

ಅದೇ ವಾರ ನರಸಯ್ಯ ಹೊಸ ಹಾಸು ತಂದ. ದೀಪಾವಳಿಯದು, ಎರಡು ಕೈಯದು. ಕೆಂಪು ರೇಷ್ಮೆಯ ಲಡಿಗಳನ್ನು ಚಾಪೆಯ ಮೇಲಿಟ್ಟ. ನವನೀತಾ ಖೋಲಿಯಿಂದ ಹೊರಗೆ ಬಂದು, ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಡಗಡೆ ಗುಂಡಿಯ ಬಳಿ ನಿಂತಳು.

"ಕೂಡ್ತೀನವ್ವ. ಒಂದ ವಿಷಯ ಅಲ್ಲೇನು, ಇಲ್ಲೆ ಕೂತು ಓದ್ತೀನಿ. ಒಳಗ ಕೂತ್ರ ನನಗ ಉಸರ ಕಟ್ತೈತಿ."

ಕಿಷ್ಟಮ್ಮನ ಮುಖ ಅರಳಿತು. ಮಲ್ಲೇಶ್ವರಿಯ ಮೈಯೂ ಒಂದು ಗಳಿಗೆ ಸಡಿಲಾಯಿತು. ಮತ್ತೆ ಮಗಳ ಮೊಣಕೈ ತನ್ನ ಮೊಣಕೈಗೆ ತಾಗುತ್ತದೆ, ಮತ್ತೆ ಮಾತು ಹೋಗಿ ಬರುತ್ತದೆ. ಆದರೆ ಅಕ್ಟೋಬರ್ ಬಂದಾಗ ಹಾಸು ಇನ್ನೂ ಅರ್ಧ ಇರುತ್ತದೆ. ಹುಡುಗಿ ಮಕ್ತಲ್‌ಗೆ ಹೋಗಿ ಬೆಂಚಿನ ಮೇಲೆ ಕೂತು, ಯಾರಾದರೂ ವಾಕ್ಯ ಎಸೆಯಲೆಂದು ಮತ್ತೆ ಕಾಯುತ್ತಾಳೆ. ಆಮೇಲೆ ಇನ್ನೊಂದು ಹಾಸು ಬರುತ್ತದೆ.

"ಸಾವುಕಾರ್ರ" ಎಂದಳು ಮಲ್ಲೇಶ್ವರಿ. "ಇದನ್ನ ಒಯ್ರಿ. ನನಗ ಒಂಟಿ ಕೈದು ಕೊಡ್ರಿ."

"ಒಂಟಿ ಕೈದಾ?" ನರಸಯ್ಯ ನಕ್ಕ. "ಚೌಕಳಿ ಸೀರಿ? ನಿನ್ನ ಕೈಗೆ? ಅದ್ರ ಕೂಲಿ ಇದ್ರ ಅರ್ಧನೂ ಇಲ್ಲ, ಗೊತ್ತೈತೆಲ್ಲ?"

"ಗೊತ್ತೈತ್ರಿ."

"ಅರ್ಧ ಹೊಟ್ಟಿಗೆ ಪಾಠ ಹತ್ತತೈತೇನ ಮಲ್ಲೇಶಿ?" ಕಿಷ್ಟಮ್ಮ ಕೇಳಿದಳು. ದನಿಯಲ್ಲಿ ಚೇಷ್ಟೆ ಇರಲಿಲ್ಲ.

"ಹತ್ತಬೇಕ್ರಿ ಅತ್ತಿ. ಗ್ಯಾಸು ಬಿಟ್ಟು ಒಲಿ ಹಚ್ಚೂಣು. ಅವರಿಗೂ ಹೇಳ್ತೀನಿ, ಸೋಲಾಪುರದಾಗ ಸ್ವಲ್ಪ ಕೈ ಬಿಗಿ ಹಿಡೀರಿ ಅಂತ."

"ನನ್ನ ಕೇಳಿದಿಯೇನವ್ವ?" ಎಂದಳು ನವನೀತಾ. "ಯಾರಾರ ನನ್ನ ಕೇಳಿದ್ರ್ಯಾ? ಅವಾಗ ಕೂಡು ಅಂದಿ, ಕೂತೆ. ಈಗ ಏಳು ಅಂತಿ."

ಮಲ್ಲೇಶ್ವರಿ ಕೆಂಪು ಲಡಿಗಳನ್ನು ನರಸಯ್ಯನ ಕಡೆಗೆ ಸರಿಸಿದಳು. "ಒಳಗ ಹೋಗು ಪಾಪಾ" ಎಂದಳಷ್ಟೇ. ನವನೀತಾ ಸೊಂಟಕ್ಕೆ ಸಿಕ್ಕಿಸಿದ್ದ ಲಂಗದ ಅಂಚನ್ನು ಕಿತ್ತು ಕೆಳಗೆ ಬಿಟ್ಟು, ಒಳಗೆ ಹೋದಳು.

ಚೌಕಳಿ ಹಾಸು ಏರಿದ ಮೊದಲ ದಿನ ಮಲ್ಲೇಶ್ವರಿ ಗುಂಡಿಯ ನಡುವೆ ಕೂತಳು. ಬಲಗಡೆ ಕೂತು ರೂಢಿಯಾದ ಮೈಗೆ ನಡುವೆ ಕೂರುವುದು ಒಗ್ಗಲಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದ ಗುಂಡಿ ತೀರ ಅಗಲವಾಗಿಯೂ, ಅದೇ ಹೊತ್ತಿಗೆ ತೀರ ಇಕ್ಕಟ್ಟಾಗಿಯೂ ಕಂಡಿತು. ಬಲಗೈ ಎಸೆದ ಲಾಳಿಯನ್ನು ತನ್ನದೇ ಎಡಗೈ ಹಿಡಿಯಬೇಕು. ಎಡಗೈಗೆ ಅದು ಹೊಸದು. ಎಸೆಯುವಾಗ ಬಾಯಿ ತೆರೆಯುತ್ತಿತ್ತು, ಅವಳು ಮತ್ತೆ ಮುಚ್ಚುತ್ತಿದ್ದಳು.

ಒಳಗಿನಿಂದ ಏನೂ ಕೇಳುತ್ತಿರಲಿಲ್ಲ. ಓದುತ್ತಿದ್ದಾಳೋ, ಮಲಗಿದ್ದಾಳೋ, ಗೋಡೆ ನೋಡುತ್ತ ಕೂತಿದ್ದಾಳೋ. ಮೊದಲಾಗಿದ್ದರೆ ಮಗಳ ತಲೆಯೊಳಗೆ ಯಾವ ಪಾಠ ಎಷ್ಟು ಇಳಿದಿದೆ ಎಂಬುದು ಅವಳ ಬೆರಳಿಗೆ ಗೊತ್ತಾಗುತ್ತಿತ್ತು.

"ಅವ್ವಾ" ಎಂದು ಕೂಗಿತು ಒಳಗಿನ ದನಿ. "ಕೇಳಾಕತ್ತೀಯೇನು? ಒಂದ ವಾಕ್ಯ ಹೇಳ್ತೀನಿ, ಬರೋಬ್ಬರಿ ಐತೇನ ನೋಡು."

ಮಲ್ಲೇಶ್ವರಿ ಅತ್ತೆಯ ಕಡೆ ನೋಡಿದಳು.

"ನಿಮ್ಮವ್ವ ಕೆಲಸದಾಗ ಅದಾಳ" ಎಂದು ಕಿಷ್ಟಮ್ಮ ಬಾಗಿಲ ಕಡೆಯಿಂದಲೇ ಕೂಗಿದಳು. "ನೀನ ಹೇಳ್ಕೊ, ನೀನ ನೋಡ್ಕೊ."

ಮಲ್ಲೇಶ್ವರಿ ಎಸೆದ ಲಾಳಿ ಎಡಗೈಗೆ ಸಿಗದೆ, ಜಾರಿ, ಗುಂಡಿಯ ತಳಕ್ಕೆ ಬಿತ್ತು. ಎತ್ತಿಕೊಳ್ಳಲು ಅವಳು ಕಾಲಲ್ಲಿ ತುಳಿಯುವ ಮೆಟ್ಟುಗಳ ನಡುವೆ ಬಗ್ಗಿದಳು. ಗುಂಡಿಯ ಆ ಮೂಲೆಗೆ ಒಳಗಿನ ಖೋಲಿಯ ಗೋಡೆ ತಾಗಿಕೊಂಡಿತ್ತು. ಅಲ್ಲಿ ಸಣ್ಣಗೆ ಮಗಳ ದನಿ ಕೇಳಿತು. ಒಂದು ವಾಕ್ಯ ಶುರುವಾಯಿತು. ನಿಂತಿತು. ಮತ್ತೆ ಮೊದಲಿನಿಂದ ಶುರುವಾಯಿತು, ಈ ಸಲ ಒಂದೆರಡು ಶಬ್ದ ಮುಂದೆ ಹೋಯಿತು, ಮತ್ತೆ ನಿಂತಿತು.

ಲಾಳಿ ಕೈಗೆ ಸಿಕ್ಕಿತ್ತು. ಮಲ್ಲೇಶ್ವರಿ ಮೇಲೆ ಏಳಲಿಲ್ಲ. ತಲೆ ತಗ್ಗಿಸಿ, ಬಾಯಿ ಬಿಗಿ ಹಿಡಿದು, ಆ ವಾಕ್ಯ ಮುಗಿಯುವುದನ್ನು ಕಾಯುತ್ತ ಹಾಗೇ ಬಗ್ಗಿ ಕೂತಳು.